ಯಂತ್ರ ಹೊಸದು, ತಂತ್ರಾಂಶ ಹಳೆಯದು: ಎರಡು ಬೈಟ್‌ಗಳಲ್ಲಿದೆ ಉತ್ತರ

ಕೊಪ್ಪಳ: ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಪ್ರತ್ಯೇಕ ಗಣಕ ವಿಭಾಗವನ್ನೇ ಹೊಂದಿರುವ ದೊಡ್ಡ ಕಂಪನಿಗಳ ಪಾಲಿಗೆ ಇದು ಮೊದಲೇ ಲೆಕ್ಕ ಹಾಕಿಕೊಳ್ಳಬಹುದಾದ ಬದಲಾವಣೆ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಂತಹ ಊರುಗಳ ಮಾತು ಬೇರೆ. ಇಲ್ಲಿನ ಮುದ್ರಣಾಲಯ, ಪತ್ರ ಬರಹಗಾರರ ಕೊಠಡಿ, ಅಕ್ಕಿ ಗಿರಣಿಯ ಲೆಕ್ಕದ ಮೇಜು, ಸೇವಾ ಕೇಂದ್ರಗಳಲ್ಲಿ ಗಣಕಯಂತ್ರವನ್ನು ನೋಡಿಕೊಳ್ಳುವವರು ಅದನ್ನು ಬಳಸುವವರೇ. ಯಂತ್ರ ಕೆಟ್ಟರೆ ಮಾರಿದವರನ್ನು ಕರೆಯಬೇಕು. ತಂತ್ರಾಂಶ ಕೆಟ್ಟರೆ ಬರೆದುಕೊಟ್ಟವರನ್ನು ಹುಡುಕಬೇಕು.

ಈ ಬದಲಾವಣೆಯ ಬಗ್ಗೆ ನಡೆದ ಚರ್ಚೆಯೆಲ್ಲ ಯಂತ್ರದ ಸುತ್ತಲೇ ಇತ್ತು. ಹಳೆಯ ಗಣಕ ಹೊಸ ವ್ಯವಸ್ಥೆಗೆ ಅರ್ಹವೇ, ಹೊಸದಕ್ಕೆ ಎಷ್ಟು ಖರ್ಚು ಎಂಬುವೇ ಮುಖ್ಯ ಪ್ರಶ್ನೆಗಳಾದವು. ಹತ್ತಾರು ವರ್ಷಗಳಿಂದ ಬಳಸುತ್ತಿರುವ ತಂತ್ರಾಂಶ ಹೊಸ ಯಂತ್ರದ ಮೇಲೆ ನಡೆಯುತ್ತದೆಯೇ ಎಂದು ಕೇಳಿದವರು ಕಡಿಮೆ. ಹಣ ಕೊಟ್ಟು ಯಂತ್ರ ತಂದ ಮೇಲೆ ಈ ಪ್ರಶ್ನೆ ಎದುರಾದರೆ ನಷ್ಟ ಖರೀದಿದಾರರದ್ದೇ. ಖರೀದಿಗೆ ಮೊದಲೇ ಇದಕ್ಕೆ ಬಹುಮಟ್ಟಿನ ಉತ್ತರ ಕಂಡುಕೊಳ್ಳಲು ಸಾಧ್ಯವಿದೆ, ಅದೂ ಒಂದು ಪೈಸೆ ಖರ್ಚಿಲ್ಲದೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಮೂರು ಹಂತದ ಹೊಂದಾಣಿಕೆ

ಗಣಕಯಂತ್ರದ ಪ್ರೊಸೆಸರ್‌ಗೆ ತನ್ನದೇ ಆದ ಆದೇಶಗಳ ಭಾಷೆ ಇರುತ್ತದೆ. ಆ ಭಾಷೆಯಲ್ಲಿ ಬರೆದ ತಂತ್ರಾಂಶವನ್ನು ಮಾತ್ರ ಅದು ನೇರವಾಗಿ ನಡೆಸಬಲ್ಲದು. ಇಂಟೆಲ್ ಸಂಸ್ಥೆ 1985ರಲ್ಲಿ ಹೊರತಂದ 80386 ಪ್ರೊಸೆಸರ್ 32 ಬಿಟ್ ಯುಗಕ್ಕೆ ದಾರಿ ಮಾಡಿತು. ಎಎಂಡಿ ಸಂಸ್ಥೆ 2003ರಲ್ಲಿ ಅದೇ ಪರಂಪರೆಯನ್ನು 64 ಬಿಟ್‌ಗೆ ವಿಸ್ತರಿಸಿತು. ಇಂಟೆಲ್ ಕೂಡ ಅದನ್ನೇ ಅನುಸರಿಸಿತು. ಇವೆರಡರ ಹೊರತಾಗಿ, ಮೊಬೈಲ್ ಫೋನುಗಳಲ್ಲಿ ಮನೆಮಾತಾಗಿರುವ ಆರ್ಮ್ ವಿನ್ಯಾಸದ ಪ್ರೊಸೆಸರ್‌ಗಳು ಈಗ ಲ್ಯಾಪ್‌ಟಾಪ್‌ಗಳಿಗೂ ಬಂದಿವೆ. 2024ರ ಜೂನ್‌ನಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಯಲ್ಲಿವೆ.

ಪ್ರೊಸೆಸರ್, ಅದರ ಮೇಲೆ ಕಾರ್ಯಾಚರಣಾ ವ್ಯವಸ್ಥೆ, ಅದರ ಮೇಲೆ ತಂತ್ರಾಂಶ: ಈ ಮೂರೂ ಒಂದಕ್ಕೊಂದು ಹೊಂದಿಕೊಂಡರೆ ಮಾತ್ರ ಕೆಲಸ ನಡೆಯುತ್ತದೆ. 64 ಬಿಟ್ ಪ್ರೊಸೆಸರ್ ಇದ್ದರೂ ಅದರ ಮೇಲೆ 32 ಬಿಟ್ ವಿಂಡೋಸ್ ಹಾಕಿರುವ ಗಣಕಗಳುಂಟು. ಯಂತ್ರದಲ್ಲಿ ಎರಡು ಗಿಗಾಬೈಟ್ ಮೆಮೊರಿ ಮಾತ್ರ ಇದ್ದ ಕಾಲದಲ್ಲಿ ಹಾಗೆ ಮಾಡುವುದು ಸಹಜವಾಗಿತ್ತು. ವಿಂಡೋಸ್ 10ರವರೆಗೂ ಇದಕ್ಕೆ ಅವಕಾಶವಿತ್ತು. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 32 ಬಿಟ್ ವಿಂಡೋಸನ್ನು ಇದ್ದಂತೆಯೇ 64 ಬಿಟ್‌ಗೆ ಏರಿಸಲೂ ಬರುವುದಿಲ್ಲ. ಹೊಸದಾಗಿ ಸ್ಥಾಪಿಸಿ, ಪ್ರತಿ ತಂತ್ರಾಂಶವನ್ನೂ ಮತ್ತೆ ಹಾಕಬೇಕು.

ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋದರೂ ಪ್ರಶ್ನೆ ತಪ್ಪುವುದಿಲ್ಲ. ಉಬುಂಟು 2017ರಲ್ಲೇ 32 ಬಿಟ್ ಗಣಕಗಳಿಗೆ ಡೆಸ್ಕ್‌ಟಾಪ್ ಸ್ಥಾಪನಾ ಮುದ್ರಿಕೆ ನೀಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಸಹ ಅದೇ ದಾರಿ ಹಿಡಿದಿದೆ. ಆಪಲ್ ಸಂಸ್ಥೆಯು 2019ರ ಮ್ಯಾಕ್ ಆವೃತ್ತಿಯಿಂದಲೇ 32 ಬಿಟ್ ತಂತ್ರಾಂಶಗಳನ್ನು ಹೊರಗಿಟ್ಟಿತು. ಒಟ್ಟಿನಲ್ಲಿ 32 ಬಿಟ್ ಯುಗ ಎಲ್ಲೆಡೆಯೂ ಮುಗಿಯುತ್ತಿದೆ.

ಕಡತವೇ ಹೇಳುವ ಗುರುತು

ಹಳೆಯ ತಂತ್ರಾಂಶ ಯಾವ ಜಾತಿಯದು ಎಂದು ತಿಳಿಯುವ ಬಗೆ ಹೇಗೆ? ಬರೆದವರು ಊರು ಬಿಟ್ಟಿರಬಹುದು, ಸಿ.ಡಿ. ಕಳೆದಿರಬಹುದು, ಕೈಪಿಡಿ ಇಲ್ಲದಿರಬಹುದು. ಆದರೆ ಆ ಮಾಹಿತಿ ಕಡತದೊಳಗೇ ಇರುತ್ತದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ. ಅವುಗಳ ಮುಂದೆ ನಿಂತ ಶಾಸನತಜ್ಞರು ಮೊದಲು ಗುರುತಿಸುವುದು ಲಿಪಿಯನ್ನು. ಒಕ್ಕಣೆಯ ಅರ್ಥ ಆಮೇಲಿನ ಮಾತು. ಗಣಕದ ಕಡತದ ವಿಷಯದಲ್ಲೂ ಮೊದಲ ಕೆಲಸ ಇಂಥದೇ.

ವಿಂಡೋಸ್‌ನಲ್ಲಿ ಚಾಲನೆಗೊಳ್ಳುವ 'ಇಎಕ್ಸ್‌ಇ' ಕಡತ ಸಂಖ್ಯೆಗಳ ಉದ್ದನೆಯ ಸಾಲು. ಅದರ ಮೊದಲ ಎರಡು ಬೈಟ್‌ಗಳು 77 ಮತ್ತು 90. ಇಂಗ್ಲಿಷ್ ಅಕ್ಷರಗಳಾಗಿ ಓದಿದರೆ ಇವು 'ಎಂ' ಮತ್ತು 'ಝಡ್'. ಡಾಸ್ ಕಾಲದಲ್ಲಿ ಈ ಕಡತದ ರೂಪವನ್ನು ಯೋಜಿಸಿದ ಮೈಕ್ರೋಸಾಫ್ಟ್‌ನ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳಿವು. ಸೊನ್ನೆಯಿಂದ ಎಣಿಸುತ್ತ ಬಂದರೆ 60ನೇ ಸ್ಥಾನದಲ್ಲಿ ನಾಲ್ಕು ಬೈಟ್‌ಗಳ ಒಂದು ಸಂಖ್ಯೆ ಸಿಗುತ್ತದೆ. ನಿಜವಾದ ತಲೆಬರಹ ಎಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಆ ಸ್ಥಾನಕ್ಕೆ ಹೋದರೆ 'ಪಿ', 'ಇ' ಎಂಬ ಅಕ್ಷರಗಳು, ಅಂದರೆ 80 ಮತ್ತು 69, ಬಳಿಕ ಎರಡು ಸೊನ್ನೆಗಳು ಕಾಣುತ್ತವೆ. ಅವುಗಳ ಬೆನ್ನಿಗಿರುವ ಎರಡು ಬೈಟ್‌ಗಳೇ ಪ್ರೊಸೆಸರ್‌ನ ಗುರುತು.

ಈ ಎರಡು ಬೈಟ್‌ಗಳಲ್ಲಿ ಚಿಕ್ಕ ಬೆಲೆಯದು ಮೊದಲು, ದೊಡ್ಡದು ನಂತರ ಬರುತ್ತದೆ. 100 ಮತ್ತು 134 ಎಂದಿದ್ದರೆ 134ನ್ನು 256ರಿಂದ ಗುಣಿಸಿ 100 ಕೂಡಿಸಬೇಕು; ಬರುವ ಸಂಖ್ಯೆ 34404. ಇದು ಇಂಟೆಲ್-ಎಎಂಡಿ ವಂಶದ 64 ಬಿಟ್ ತಂತ್ರಾಂಶದ ಗುರುತು. ಸಂಖ್ಯೆ 332 ಆಗಿದ್ದರೆ ಅದು ಅದೇ ವಂಶದ 32 ಬಿಟ್ ತಂತ್ರಾಂಶ. 43620 ಎಂದಿದ್ದರೆ ಆರ್ಮ್ 64 ಬಿಟ್. 'ಪಿ', 'ಇ' ಬದಲು 'ಎನ್', 'ಇ' ಅಂದರೆ 78 ಮತ್ತು 69 ಕಂಡರೆ ಅದು ವಿಂಡೋಸ್‌ನ ಆರಂಭದ ದಿನಗಳ 16 ಬಿಟ್ ತಂತ್ರಾಂಶ. ಇಂಥ ಯಾವ ಗುರುತೂ ಇಲ್ಲದೆ ಬರೀ 77, 90 ಇದ್ದರೆ ಅದು ಡಾಸ್ ಕಾಲದ್ದೆಂದು ಬಗೆಯಬಹುದು.

ಲಿನಕ್ಸ್‌ನ ಕಡತಗಳಲ್ಲಿ ಲೆಕ್ಕ ಇನ್ನೂ ಸರಳ. ಮೊದಲ ನಾಲ್ಕು ಬೈಟ್‌ಗಳು 127, 69, 76, 70. ಐದನೆಯದು 1 ಆಗಿದ್ದರೆ 32 ಬಿಟ್, 2 ಆಗಿದ್ದರೆ 64 ಬಿಟ್. ಲಿನಕ್ಸ್‌ನಲ್ಲಿ 'ಫೈಲ್' ಎಂಬ ಆದೇಶ ಕೊಟ್ಟರೆ ಸಾಕು, ಇವೆಲ್ಲವನ್ನೂ ಅದೇ ಓದಿ ಒಂದು ಸಾಲಿನಲ್ಲಿ ಹೇಳುತ್ತದೆ.

ಹದಿನೈದು ಸಾಲಿನ ಕೆಲಸ

ಒಂದು ಕಡತವಾದರೆ ಕೈಯಿಂದಲೇ ನೋಡಬಹುದು. ಆದರೆ ಒಂದು ಗಣಕದಲ್ಲಿ ಇಂಥ ಕಡತಗಳು ಸಾವಿರಾರು ಇರುತ್ತವೆ. ಇಲ್ಲಿ ಸ್ಕ್ರಿಪ್ಟ್, ಅಂದರೆ ಗಣಕಕ್ಕೆ ಸಾಲಾಗಿ ಬರೆದುಕೊಡುವ ಆದೇಶಗಳ ಕಿರುಪಟ್ಟಿ, ನೆರವಿಗೆ ಬರುತ್ತದೆ. ವಿಂಡೋಸ್ 7ರಿಂದೀಚೆಗೆ ಪವರ್‌ಶೆಲ್ ಎಂಬ ಸಾಧನ ವ್ಯವಸ್ಥೆಯ ಜತೆಗೇ ಬರುತ್ತದೆ. ಅದರಲ್ಲಿ ಈ ಕೆಲಸಕ್ಕೆ ಹದಿನೈದು ಸಾಲು ಸಾಕು. ಪೈಥಾನ್ ಬಲ್ಲವರು ಅದರಲ್ಲೂ ಬರೆಯಬಹುದು. ಪದವಿ ತರಗತಿಯಲ್ಲಿ ಗಣಕ ವಿಜ್ಞಾನ ಓದುವ ವಿದ್ಯಾರ್ಥಿಗೆ ಇದು ಒಂದು ಮಧ್ಯಾಹ್ನದ ಅಭ್ಯಾಸ.

ಸ್ಕ್ರಿಪ್ಟ್ ಮಾಡಬೇಕಾದ ಕೆಲಸದ ಕ್ರಮ ಹೀಗಿದೆ. ಹೇಳಿದ ಫೋಲ್ಡರ್‌ನಲ್ಲಿರುವ 'ಇಎಕ್ಸ್‌ಇ', 'ಡಿಎಲ್ಎಲ್', 'ಒಸಿಎಕ್ಸ್', 'ಎಸ್‌ವೈಎಸ್' ಕಡತಗಳನ್ನೆಲ್ಲ ಹುಡುಕಬೇಕು. ಪ್ರತಿಯೊಂದನ್ನೂ ಓದಲು ಮಾತ್ರ ತೆರೆಯಬೇಕು. ಮೊದಲ ಎರಡು ಬೈಟ್ ಸರಿಯಿಲ್ಲದಿದ್ದರೆ 'ಚಾಲನಾ ಕಡತವಲ್ಲ' ಎಂದು ಬರೆದುಕೊಂಡು ಮುಂದೆ ಹೋಗಬೇಕು. ಸರಿಯಿದ್ದರೆ 60ನೇ ಸ್ಥಾನದ ಸಂಖ್ಯೆ ಹಿಡಿದು ತಲೆಬರಹಕ್ಕೆ ಹೋಗಿ, ಎರಡು ಬೈಟ್ ಓದಿ, ಫಲಿತಾಂಶವನ್ನು ಕಡತದ ಹೆಸರು ಮತ್ತು ಜಾಗದ ಜತೆ ಒಂದು ಪಟ್ಟಿಗೆ ಸೇರಿಸಬೇಕು. ಕೊನೆಗೆ ಆ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ರೂಪದಲ್ಲಿ ಉಳಿಸಬೇಕು.

ಈ ವಿಧಾನದ ದೊಡ್ಡ ಗುಣವೆಂದರೆ ತಂತ್ರಾಂಶವನ್ನು ಚಾಲನೆ ಮಾಡದೆಯೇ ಅದರ ಗುರುತು ಸಿಗುವುದು. ಹಾಳಾದ ಗಣಕದ ಹಾರ್ಡ್‌ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿಯೂ ಪರೀಕ್ಷಿಸಬಹುದು. ಈ ಯಂತ್ರದಲ್ಲಿ ನಡೆಯದ ತಂತ್ರಾಂಶದ ಬಗೆಯನ್ನೂ ಇಲ್ಲಿಯೇ ತಿಳಿಯಬಹುದು. ವಿಂಡೋಸ್ ಸಾಮಾನ್ಯವಾಗಿ ಸ್ಕ್ರಿಪ್ಟ್‌ಗಳಿಗೆ ತಡೆ ಹಾಕಿರುತ್ತದೆ. ಆ ತಡೆಯನ್ನು ಈ ಒಂದು ಕೆಲಸದ ಮಟ್ಟಿಗೆ ಸಡಿಲಿಸಿದರೆ ಸಾಕು. ಶಾಶ್ವತವಾಗಿ ತೆಗೆದುಹಾಕುವುದು ಅಪಾಯಕರ. ಎಲ್ಲಿಂದಲೋ ಇಳಿಸಿಕೊಂಡ ಸ್ಕ್ರಿಪ್ಟನ್ನು ಓದಿ ನೋಡದೆ ಓಡಿಸುವುದು ಅದಕ್ಕಿಂತ ಅಪಾಯಕರ.

ಉತ್ತರವನ್ನು ಅರ್ಥ ಮಾಡಿಕೊಳ್ಳುವುದು

ಪಟ್ಟಿಯಲ್ಲಿ '32 ಬಿಟ್' ಎಂದು ಬಂದ ಕೂಡಲೇ ಆ ತಂತ್ರಾಂಶದ ಕತೆ ಮುಗಿಯಿತೆಂದು ತಿಳಿಯಬೇಕಾಗಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶಗಳಿಗೆಂದೇ ಒಂದು ಒಳವ್ಯವಸ್ಥೆ ಇದೆ. ವಿಂಡೋಸ್ 11ರಲ್ಲೂ ಅದು ಉಳಿದಿದೆ. 1998ರ ವಿಷುವಲ್ ಬೇಸಿಕ್ 6ರಲ್ಲಿ ಬರೆದ ಲೆಕ್ಕಪತ್ರದ ತಂತ್ರಾಂಶಗಳೆಲ್ಲ 32 ಬಿಟ್‌ನವು. ಅವುಗಳಿಗೆ ಬೇಕಾದ ಪೂರಕ ಕಡತಗಳನ್ನೂ ಜತೆಗೆ ಒಯ್ದರೆ ಬಹಳಷ್ಟು ನಡೆಯುತ್ತವೆ.

ನಿಜವಾಗಿ ನಿಂತುಹೋಗುವುದು ಎರಡು ಬಗೆಯವು. ಮೊದಲನೆಯದು 16 ಬಿಟ್ ಮತ್ತು ಡಾಸ್ ಕಾಲದ ತಂತ್ರಾಂಶ. 32 ಬಿಟ್ ವಿಂಡೋಸ್ ಇವನ್ನು ನಡೆಸುವ ಏರ್ಪಾಡು ಹೊಂದಿತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದಿಲ್ಲ. ಎರಡನೆಯದು 32 ಬಿಟ್ ಡ್ರೈವರ್‌ಗಳು, ಅಂದರೆ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ ಮುಂತಾದವನ್ನು ಗಣಕಕ್ಕೆ ಪರಿಚಯಿಸುವ 'ಎಸ್‌ವೈಎಸ್' ಕಡತಗಳು. ಇವು ವ್ಯವಸ್ಥೆಯ ಒಳತಿರುಳಿನಲ್ಲಿ ಕೆಲಸ ಮಾಡುವುದರಿಂದ 64 ಬಿಟ್ ವಿಂಡೋಸ್ ಇವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆರ್ಮ್ ಲ್ಯಾಪ್‌ಟಾಪ್ ಕೊಂಡರೆ ಇಂಟೆಲ್ ವಂಶದ ತಂತ್ರಾಂಶಗಳು ಅನುಕರಣೆಯ ಮೂಲಕ ನಡೆಯುತ್ತವೆ. ಡ್ರೈವರ್‌ಗಳು ಮಾತ್ರ ಆರ್ಮ್‌ಗೆಂದೇ ಬರೆದವಾಗಿರಬೇಕು.

ಇದರ ಅರ್ಥವಿಷ್ಟೇ: ಗಣಕದಲ್ಲಿ ಈಗ 32 ಬಿಟ್ ವಿಂಡೋಸ್ ಇದ್ದರೆ ಅಲ್ಲಿ 64 ಬಿಟ್ ತಂತ್ರಾಂಶ ನಡೆಯುತ್ತಿರುವ ಮಾತೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಹುಡುಕಬೇಕಾದುದು 16 ಬಿಟ್ ತಂತ್ರಾಂಶ ಮತ್ತು ಡ್ರೈವರ್‌ಗಳನ್ನು. ಈಗಾಗಲೇ 64 ಬಿಟ್ ವಿಂಡೋಸ್ 10 ಬಳಸುತ್ತಿರುವವರ ದೊಡ್ಡ ಗಂಡಾಂತರ ಕಳೆದಂತೆಯೇ. ಅವರು ಆರ್ಮ್ ಯಂತ್ರ ಕೊಳ್ಳುವುದಾದರೆ ಮಾತ್ರ ಮತ್ತೆ ಪಟ್ಟಿ ನೋಡಬೇಕು.

ಸ್ಕ್ರಿಪ್ಟ್‌ನ ಉತ್ತರ ದಾರಿ ತಪ್ಪಿಸುವ ಸಂದರ್ಭಗಳೂ ಉಂಟು. 'ಸೆಟಪ್' ಕಡತ 32 ಬಿಟ್ ಆಗಿದ್ದರೂ ಅದು ಸ್ಥಾಪಿಸುವ ತಂತ್ರಾಂಶ 64 ಬಿಟ್ ಆಗಿರಬಹುದು. ಹೀಗಾಗಿ ಸ್ಥಾಪನೆಯಾದ ಕಡತವನ್ನೇ ಪರೀಕ್ಷಿಸಬೇಕು. ಡಾಟ್‌ನೆಟ್‌ನಲ್ಲಿ ಬರೆದ ಕೆಲವು ತಂತ್ರಾಂಶಗಳು 332 ಎಂದು ತೋರಿಸಿಯೂ 64 ಬಿಟ್ ವಿಂಡೋಸ್‌ನಲ್ಲಿ 64 ಬಿಟ್ ಆಗಿಯೇ ನಡೆಯುತ್ತವೆ. ಅವುಗಳ ನಿಜ ಸ್ವಭಾವ ತಿಳಿಯಲು ಇನ್ನೊಂದು ತಲೆಬರಹವನ್ನೂ ಓದಬೇಕಾಗುತ್ತದೆ. ವಿಂಡೋಸ್‌ನ 'ಸಿಸ್ಟಂ32' ಫೋಲ್ಡರ್‌ನಲ್ಲಿ 64 ಬಿಟ್ ಕಡತಗಳೂ, 'ಸಿಸ್‌ವಾವ್64' ಫೋಲ್ಡರ್‌ನಲ್ಲಿ 32 ಬಿಟ್ ಕಡತಗಳೂ ಇರುವುದು ಮತ್ತೊಂದು ವಿಚಿತ್ರ. 32 ಬಿಟ್ ಪವರ್‌ಶೆಲ್‌ನಿಂದ ಸ್ಕ್ರಿಪ್ಟ್ ಓಡಿಸಿದರೆ ವ್ಯವಸ್ಥೆಯು ಮೊದಲನೆಯದನ್ನು ಕೇಳಿದಾಗ ಎರಡನೆಯದನ್ನು ತೋರಿಸುತ್ತದೆ. ಆದ್ದರಿಂದ ಯಂತ್ರಕ್ಕೆ ತಕ್ಕ ಪವರ್‌ಶೆಲ್ ಬಳಸುವುದು ಮುಖ್ಯ.

ದತ್ತಾಂಶಕ್ಕೆ ಸಂಬಂಧಿಸಿದ ತೊಡಕು ಇನ್ನೊಂದಿದೆ. ಹಳೆಯ ಆ್ಯಕ್ಸೆಸ್ ದತ್ತಾಂಶವನ್ನು ಓದುತ್ತಿದ್ದ ಜೆಟ್ ಎಂಬ ಸಾಧನ 32 ಬಿಟ್‌ನಲ್ಲಿ ಮಾತ್ರ ಇದೆ. ತಂತ್ರಾಂಶ 32 ಬಿಟ್, ದತ್ತಾಂಶದ ಸಂಪರ್ಕ ಸಾಧನ 64 ಬಿಟ್ ಆದರೆ ಎರಡೂ ಪರಸ್ಪರ ಕಾಣುವುದಿಲ್ಲ. 'ದತ್ತಾಂಶ ಸಿಗುತ್ತಿಲ್ಲ' ಎಂಬ ಸಂದೇಶ ಕಂಡು ಕಡತವೇ ಹಾಳಾಯಿತೆಂದು ಗಾಬರಿಗೊಳ್ಳುವ ಮೊದಲು ಈ ಜೋಡಿಯನ್ನು ಪರಿಶೀಲಿಸುವುದು ಒಳಿತು.

ನಾಲ್ಕು ಊರು, ನಾಲ್ಕು ಬಗೆಯ ಗಣಕ

ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟದ್ದು 1997ರ ಆಗಸ್ಟ್ 24ರಂದು. ಕುಕನೂರು, ಕಾರಟಗಿ, ಕನಕಗಿರಿ ತಾಲ್ಲೂಕುಗಳು ಸೇರುವ ಮುನ್ನ ಇಡೀ ಜಿಲ್ಲೆಯೆಂದರೆ ಈ ನಾಲ್ಕು ತಾಲ್ಲೂಕುಗಳೇ. ಸರ್ಕಾರಿ ಕಚೇರಿಗಳಿಗೆ ಗಣಕ ಕಾಲಿಟ್ಟ ವರ್ಷಗಳಲ್ಲೇ ಜಿಲ್ಲೆಯೂ ಬೆಳೆಯಿತು. ಇಲ್ಲಿನ ತಾಲ್ಲೂಕು ಕಚೇರಿಗಳಲ್ಲಿ ಜನ ಮೊದಲು ಕಂಡ ದೊಡ್ಡ ಗಣಕೀಕರಣವೆಂದರೆ 'ಭೂಮಿ'. ರಾಜ್ಯದ 177 ತಾಲ್ಲೂಕುಗಳಲ್ಲಿ 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಯೋಜನೆ ಅದು.

'ಭೂಮಿ'ಯ ಅನುಭವದಲ್ಲಿ ಇಂದಿಗೂ ಒಂದು ಪಾಠವಿದೆ. ಆರಂಭದಲ್ಲಿ ಪಹಣಿಯ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಗಣಕದಲ್ಲೇ ಇತ್ತು. ನಂತರದ ವರ್ಷಗಳಲ್ಲಿ ಅದು ರಾಜ್ಯ ಮಟ್ಟದ ಕೇಂದ್ರಕ್ಕೆ ಸೇರಿತು. ಈಗ ಪಹಣಿ ಪಡೆಯಲು ಬೇಕಾದುದು ಬ್ರೌಸರ್ ಮಾತ್ರ. ಕಚೇರಿಯ ಗಣಕ ಬದಲಾದರೂ ರೈತನ ದಾಖಲೆ ಅಲುಗುವುದಿಲ್ಲ. 2023ರಿಂದ ನೋಂದಣಿ ಕಚೇರಿಗಳಲ್ಲಿ ಬಳಕೆಗೆ ಬಂದ 'ಕಾವೇರಿ 2.0' ಕೂಡ ಇದೇ ಮಾದರಿಯದು. ತಂತ್ರಾಂಶ ಮತ್ತು ದತ್ತಾಂಶ ಎರಡೂ ಒಂದೇ ಯಂತ್ರದೊಳಗೆ ಸಿಕ್ಕಿಕೊಂಡಿರುವ ಕಡೆಗಳಲ್ಲಿ ಮಾತ್ರ ಅಪಾಯ ಉಳಿದಿದೆ. ಅವು ಹೆಚ್ಚಾಗಿ ಖಾಸಗಿಯವರ, ಸಣ್ಣವರ ಗಣಕಗಳು.

ಭತ್ತದ ಕಣಜವೆನಿಸಿದ ಗಂಗಾವತಿಯ ಅಕ್ಕಿ ಗಿರಣಿಗಳನ್ನೇ ನೋಡಬಹುದು. ಲಾರಿ ತೂಗುವ ಕಟ್ಟೆಯ ತೂಕಸೂಚಕವು ಸೀರಿಯಲ್ ತಂತಿಯ ಮೂಲಕ ಗಣಕಕ್ಕೆ ತೂಕವನ್ನು ಕಳುಹಿಸುತ್ತದೆ. ಹೊಸ ಗಣಕಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ. ಯುಎಸ್‌ಬಿ ಪರಿವರ್ತಕ ಬೇಕು, ಅದಕ್ಕೆ 64 ಬಿಟ್ ಡ್ರೈವರ್ ಬೇಕು. ತೂಕದ ಚೀಟಿ ಮುದ್ರಿಸುವ ತಂತ್ರಾಂಶ 32 ಬಿಟ್ ಆಗಿದ್ದರೆ ಬಹುಶಃ ನಡೆಯುತ್ತದೆ. ಡಾಸ್ ಕಾಲದ್ದಾಗಿದ್ದರೆ ನಡೆಯುವುದಿಲ್ಲ. ಸುಗ್ಗಿಯ ದಿನ ಲಾರಿಗಳು ಸಾಲಾಗಿ ನಿಂತಾಗ ಇದು ಗೊತ್ತಾಗುವುದಕ್ಕೂ, ಎರಡು ತಿಂಗಳು ಮೊದಲೇ ಗೊತ್ತಾಗುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ.

ಕುಷ್ಟಗಿ, ಯಲಬುರ್ಗಾದಂತಹ ಪಟ್ಟಣಗಳ ಸೇವಾ ಕೇಂದ್ರಗಳ ಮುಖ್ಯ ಕೆಲಸ ಬ್ರೌಸರ್‌ನಲ್ಲೇ ನಡೆಯುತ್ತದೆ. ಆದರೆ ಆಧಾರ್ ದೃಢೀಕರಣದ ಬೆರಳಚ್ಚು ಯಂತ್ರಕ್ಕೆ ಅದೇ ಗಣಕದಲ್ಲಿ ಒಂದು ಸಹಾಯಕ ತಂತ್ರಾಂಶ ಮತ್ತು ಡ್ರೈವರ್ ಇರಲೇಬೇಕು. ಅಲ್ಲಿ ಹೊಂದಾಣಿಕೆ ತಪ್ಪಿದರೆ ಸಾಲಿನಲ್ಲಿ ನಿಂತ ವೃದ್ಧರ ಬೆರಳು ತೆಗೆದುಕೊಳ್ಳಲಾಗದೆ ಕೆಲಸ ನಿಲ್ಲುತ್ತದೆ. ಜಿಲ್ಲಾ ಕೇಂದ್ರವಾದ ಕೊಪ್ಪಳದಲ್ಲಿ ಕಚೇರಿ, ವಕೀಲರ ಕೊಠಡಿ, ಮುದ್ರಣಾಲಯ, ಕೈಗಾರಿಕೆ ಎಲ್ಲವೂ ಇರುವುದರಿಂದ ಈ ಎಲ್ಲ ಬಗೆಯ ಸಮಸ್ಯೆಗಳೂ ಒಂದೇ ಕಡೆ ಸೇರುತ್ತವೆ.

ಕನ್ನಡದ ಕಡತಗಳ ಕತೆ

ಇನ್ನೊಂದು ಆತಂಕ ಕನ್ನಡಕ್ಕೇ ವಿಶಿಷ್ಟವಾದುದು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳ ತಂತ್ರಾಂಶವಾಯಿತು. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ಕರಾರುಪತ್ರ, ಲಗ್ನಪತ್ರಿಕೆ, ವಾರಪತ್ರಿಕೆಯ ಪುಟ, ಸಂಘದ ನಡಾವಳಿ ಎಲ್ಲವೂ ಆ ಕಾಲದ ಅಕ್ಷರಜೋಡಣೆಯಲ್ಲಿ ಸಿದ್ಧವಾದವು. ಪುಟ ವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ.

ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಬರೆದ ಪತ್ರ ಚಾಲನಾ ಕಡತವಲ್ಲ. ಅದಕ್ಕೆ ಪ್ರೊಸೆಸರ್‌ನ ಹಂಗಿಲ್ಲ. ಅಕ್ಷರಶೈಲಿಯ 'ಟಿಟಿಎಫ್' ಕಡತಕ್ಕೂ ಹಂಗಿಲ್ಲ. ಹಳೆಯ ನುಡಿ ಅಕ್ಷರಶೈಲಿಯನ್ನು ಹೊಸ ಯಂತ್ರಕ್ಕೆ ಹಾಕಿದರೆ ಹಳೆಯ ಪತ್ರ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ತೊಡಕು ಬರುವುದು ಕೀಲಿಮಣೆಯ ತಂತ್ರಾಂಶದಲ್ಲಿ. ಪ್ರತಿಯೊಂದು ತಂತ್ರಾಂಶದೊಳಗೂ ತನ್ನ 'ಡಿಎಲ್ಎಲ್' ಕಡತ ಸೇರಿಸಿ ಕೆಲಸ ಮಾಡುವ ಕೀಲಿಮಣೆ ತಂತ್ರಾಂಶವು 32 ಬಿಟ್‌ನದ್ದಾದರೆ 64 ಬಿಟ್ ತಂತ್ರಾಂಶದೊಳಗೆ ಹೋಗಲಾರದು. ಒಂದು ಕಡೆ ಕನ್ನಡ ಮೂಡಿ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರವೇ ಬರುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಅತ್ಯಂತ ಕಷ್ಟದ್ದು ಹಾರ್ಡ್‌ವೇರ್ ಲಾಕ್ ಇರುವ ಹಳೆಯ ಅಕ್ಷರಜೋಡಣೆ ತಂತ್ರಾಂಶಗಳ ವಿಷಯ. ಗಣಕಕ್ಕೆ ಸಿಕ್ಕಿಸುವ ಆ ಪುಟ್ಟ ಬೀಗಕ್ಕೆ ಡ್ರೈವರ್ ಬೇಕು. ಡ್ರೈವರ್ 32 ಬಿಟ್‌ನಲ್ಲಿ ಮಾತ್ರ ಇದ್ದರೆ ಹಣ ಕೊಟ್ಟು ಕೊಂಡ ತಂತ್ರಾಂಶ ಮಾಲೀಕನಿಗೇ ಬಾಗಿಲು ತೆರೆಯುವುದಿಲ್ಲ. ಇಂಥ ಕಡೆ ಹಳೆಯ ಯಂತ್ರ ನಡೆಯುತ್ತಿರುವಾಗಲೇ ಕಡತಗಳನ್ನು ಯೂನಿಕೋಡ್‌ಗೂ ಪಿಡಿಎಫ್‌ಗೂ ಪರಿವರ್ತಿಸಿಟ್ಟುಕೊಳ್ಳುವುದೊಂದೇ ದಾರಿ. ನುಡಿ ಮತ್ತು ಬರಹಗಳಲ್ಲಿ ತಮ್ಮ ಹಳೆಯ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ.

ಹಾಗಾದರೆ ಮಾಡಬೇಕಾದುದೇನು?

ಮೊದಲ ಹೆಜ್ಜೆ ಪಟ್ಟಿ. ಅಂಗಡಿಗೆ ಹೋಗಿ ದರ ಕೇಳುವ ಮುನ್ನ ಸ್ಕ್ರಿಪ್ಟ್ ಓಡಿಸಿ, ನಿತ್ಯದ ಕೆಲಸಕ್ಕೆ ಬೇಕೇಬೇಕಾದ ಐದಾರು ತಂತ್ರಾಂಶಗಳನ್ನೂ ಅವುಗಳ ಡ್ರೈವರ್‌ಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. 64 ಬಿಟ್ ಇರುವವನ್ನು ಪಕ್ಕಕ್ಕಿಡಬಹುದು. 32 ಬಿಟ್ ಇರುವವನ್ನು ಪರಿಚಿತರ ಹೊಸ ಗಣಕದಲ್ಲಿ ಒಮ್ಮೆ ಹಾಕಿ ನೋಡಬೇಕು. 16 ಬಿಟ್ ಇರುವವುಗಳಿಂದ ದತ್ತಾಂಶವನ್ನು ಹೊರತೆಗೆಯಬೇಕು. ಫಾಕ್ಸ್‌ಪ್ರೋ ಕಾಲದ 'ಡಿಬಿಎಫ್' ಕಡತಗಳನ್ನು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇಂದಿಗೂ ತೆರೆಯಬಲ್ಲದು. ತಂತ್ರಾಂಶ ಹೋದರೂ ಲೆಕ್ಕ ಉಳಿಯುತ್ತದೆ.

ಅವಸರಕ್ಕೆ ಬಿದ್ದು ಹಳೆಯ ಯಂತ್ರವನ್ನು ಗುಜರಿಗೆ ಹಾಕುವುದು ಸಲ್ಲದು. ಪರ್ಯಾಯ ಸಿಗದ ತಂತ್ರಾಂಶಕ್ಕಾಗಿ ಅದನ್ನು ಅಂತರ್ಜಾಲದ ಸಂಪರ್ಕ ತಪ್ಪಿಸಿ ಉಳಿಸಿಕೊಳ್ಳಬಹುದು. ಇಲ್ಲವೇ ಹೊಸ ಗಣಕದೊಳಗೆ ಮಿಥ್ಯಾ ಯಂತ್ರ ಸೃಷ್ಟಿಸಿ ಅದರಲ್ಲಿ ಹಳೆಯ ವಿಂಡೋಸ್ ಹಾಕಬಹುದು. ಕೆಲಸ ಮುಗಿದ ಯಂತ್ರವನ್ನು 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅಧಿಕೃತರಿಗೆ ಒಪ್ಪಿಸಬೇಕು. ಮನೆ ಬಳಕೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಪ್ರಕಟಿಸಿದ ವಿಸ್ತೃತ ಸುರಕ್ಷತಾ ಯೋಜನೆಯ ಗಡುವು 2026ರ ಅಕ್ಟೋಬರ್ 13. ಅದು ಸಿದ್ಧತೆಗೆಂದು ಕೊಟ್ಟ ಕಾಲಾವಕಾಶವೇ ಹೊರತು ಪರಿಹಾರವಲ್ಲ.

ಎರಡನೆಯದು ಖರೀದಿಯ ಶಿಸ್ತು. ತಂತ್ರಾಂಶ ಬರೆಸುವ ಸಹಕಾರ ಸಂಘವಾಗಲಿ, ಸ್ಥಳೀಯ ಸಂಸ್ಥೆಯಾಗಲಿ ಕರಾರಿನಲ್ಲಿ ಮೂರು ಮಾತು ಸೇರಿಸಬೇಕು: ಇದು ಯಾವ ಪ್ರೊಸೆಸರ್‌ಗೆ ಬರೆದದ್ದು, ದತ್ತಾಂಶವನ್ನು ಯಾವ ಮುಕ್ತ ರೂಪದಲ್ಲಿ ಹೊರತೆಗೆಯಬಹುದು, ಮೂಲ ಆಕರ ಯಾರ ಬಳಿ ಇರುತ್ತದೆ. ಕೇಂದ್ರ ಸರ್ಕಾರವು 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನೂ, 2015ರಲ್ಲಿ ಮುಕ್ತ ಆಕರ ತಂತ್ರಾಂಶಗಳ ನೀತಿಯನ್ನೂ ಪ್ರಕಟಿಸಿದೆ. ಮೂಲ ಆಕರ ಕೈಯಲ್ಲಿದ್ದರೆ ಅದನ್ನು ಹೊಸ ಪ್ರೊಸೆಸರ್‌ಗೆ ಮತ್ತೆ ಸಿದ್ಧಪಡಿಸಿಕೊಳ್ಳಲು ದಾರಿ ಇರುತ್ತದೆ. ಇಲ್ಲದಿದ್ದರೆ ಪ್ರತಿ ಬದಲಾವಣೆಯಲ್ಲೂ ಬೇರೆಯವರ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಮೂರನೆಯದು ಸ್ಥಳೀಯ ನೆರವು. ನಾಲ್ಕೂ ಊರುಗಳಲ್ಲಿ ಪದವಿ ಕಾಲೇಜುಗಳಿವೆ. ಗಣಕ ವಿಜ್ಞಾನದ ವಿದ್ಯಾರ್ಥಿಗಳು ಪಠ್ಯದಲ್ಲಿ ಓದುವ ಬೈಟ್, ತಲೆಬರಹ, ಕಡತ ರಚನೆಗಳಿಗೆ ಊರಿನ ಮುದ್ರಣಾಲಯ, ಗಿರಣಿ, ಸೇವಾ ಕೇಂದ್ರಗಳಲ್ಲೇ ನೇರ ಉಪಯೋಗವಿದೆ. ಒಂದು ತರಗತಿಯ ಯೋಜನಾ ಕಾರ್ಯವಾಗಿ ಈ ಸ್ಕ್ರಿಪ್ಟ್ ಬರೆಸಿ, ಫಲಿತಾಂಶವನ್ನು ಕನ್ನಡದಲ್ಲಿ ವಿವರಿಸಿಕೊಟ್ಟರೆ ವಿದ್ಯಾರ್ಥಿಗೆ ಅನುಭವ, ಊರಿಗೆ ಉಪಕಾರ.

ಮೊಬೈಲ್‌ನಲ್ಲಿ ಈ ಬದಲಾವಣೆ ಸದ್ದಿಲ್ಲದೆ ಆಗಿಹೋಯಿತು. ಗೂಗಲ್ ತನ್ನ ಪ್ಲೇ ಸ್ಟೋರ್‌ಗೆ ಬರುವ ತಂತ್ರಾಂಶಗಳಿಗೆ 64 ಬಿಟ್ ರೂಪವೂ ಇರಬೇಕೆಂದು 2019ರ ಆಗಸ್ಟ್‌ನಿಂದಲೇ ಕಡ್ಡಾಯ ಮಾಡಿತು. ಅದನ್ನು ನಿಭಾಯಿಸುವ ಹೊಣೆ ತಯಾರಕರದ್ದಾಗಿತ್ತು. ಮೇಜಿನ ಮೇಲಿನ ಗಣಕಕ್ಕೆ ಅಂಥ ಕಾವಲುಗಾರನಿಲ್ಲ. ಅಲ್ಲಿರುವ ಲೆಕ್ಕ, ಕರಾರು, ಪತ್ರಿಕೆಯ ಹಳೆಯ ಪುಟಗಳ ಹೊಣೆ ಅದರ ಮುಂದೆ ಕುಳಿತವರದ್ದೇ. ಹೊಸ ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಆ ಒಂದು ಹಾಳೆಯ ಪಟ್ಟಿ ಕೈಯಲ್ಲಿರಲಿ.